ಸ್ವಿಟ್ಜರ್ಲೆಂಡಿನಲ್ಲಿ ಅಡುಗೆಮನೆ ಇರುವ ಬಾಡಿಗೆ ಮನೆ: ಮೊದಲು ಒಲೆಯ ಫೋಟೊ ನೋಡಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು: ಬೇಸಿಗೆ ರಜೆಯಲ್ಲಿ ಮಂಡ್ಯದಿಂದ ಆರು ಜನ ಒಂದು ವಾರ ಸ್ವಿಟ್ಜರ್ಲೆಂಡಿಗೆ ಹೊರಟಿದ್ದೀರಿ. ಎಪ್ಪತ್ತು ದಾಟಿದ ತಂದೆ ತಾಯಿ, ಇಬ್ಬರು ಸಣ್ಣ ಮಕ್ಕಳು ಜೊತೆಗಿದ್ದಾರೆ. ತಂದೆಯವರಿಗೆ ರಾತ್ರಿ ಮುದ್ದೆ ಇಲ್ಲದಿದ್ದರೆ ಆಗದು. ಹೋಟೆಲಿನ ಬದಲು ಅಡುಗೆ ಮಾಡಿಕೊಳ್ಳುವಂಥ ಮನೆ ಹಿಡಿಯಬೇಕು, ಆರಿಸುವುದು ಹೇಗೆ?

ಮೈಸೂರಿನ ನಮ್ಮ ಮನೆಯಲ್ಲೂ ಇದೇ ಜಾಯಮಾನದ ಹಿರಿಯರಿದ್ದಾರೆ. ಅವರನ್ನು ಕರೆದುಕೊಂಡು ಆಲ್ಪ್ಸ್ ಪರ್ವತಗಳ ನಡುವಿನ ಇಂಟರ್ಲಾಕೆನ್ ಊರಿನ ಕಡೆ ಹೋಗಿ ಬಂದವಳಾಗಿ ಹೇಳುತ್ತೇನೆ: ಬಾಲ್ಕನಿಯಿಂದ ಕಾಣುವ ಹಿಮಪರ್ವತ ಆಮೇಲೆ, ಮೊದಲು ಒಲೆಯ ಫೋಟೊ ನೋಡಿ.

ಅಲ್ಲಿನ ಬಾಡಿಗೆ ಮನೆಗಳಲ್ಲಿ ಗ್ಯಾಸ್ ಒಲೆ ಅಪರೂಪ. ಇರುವುದು ಗಾಜಿನ ಹಲಗೆಯ ವಿದ್ಯುತ್ ಒಲೆ, ಇಲ್ಲವೇ ಇಂಡಕ್ಷನ್. ಫೋಟೊದಲ್ಲಿ ಎರಡೂ ಒಂದೇ ರೀತಿ ಕಾಣುವುದರಿಂದ ಮನೆಯವರನ್ನೇ ಕೇಳಬೇಕು. ಇಂಡಕ್ಷನ್ ಆಗಿದ್ದರೆ ನಮ್ಮ ಸಾಮಾನ್ಯ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಬಿಸಿಯೇ ಆಗುವುದಿಲ್ಲ. ಫ್ರಿಜ್ ಬಾಗಿಲಿನ ಅಯಸ್ಕಾಂತವನ್ನು ಕುಕ್ಕರಿನ ತಳಕ್ಕೆ ಹಿಡಿದು ನೋಡಿ. ಗಟ್ಟಿಯಾಗಿ ಅಂಟಿದರೆ ಮಾತ್ರ ಕೊಂಡೊಯ್ಯಿರಿ. ಉರಿಯೇ ಇಲ್ಲದ ಮೇಲೆ ಒಗ್ಗರಣೆ ಸೌಟು, ಗುಂಡು ತಳದ ಬಾಣಲೆ ಎರಡೂ ದಂಡ. ಮುದ್ದೆಯ ವಿಷಯದಲ್ಲಂತೂ ಹುಷಾರು: ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ಕೆಳಗಿಳಿಸಿ, ನೆಲದ ಮೇಲೆ ದಪ್ಪ ಬಟ್ಟೆ ಹಾಸಿ ತೊಳಸಿ. ಗಾಜಿನ ಮೇಲೆಯೇ ಇಟ್ಟು ಕೋಲಿನಿಂದ ಒತ್ತಿ ಅದು ಬಿರಿದರೆ ಠೇವಣಿಗೆ ಎಳ್ಳುನೀರು. ಒಣಮೆಣಸಿನಕಾಯಿ ಎಣ್ಣೆಗೆ ಹಾಕುವ ಮೊದಲೇ ಕಿಟಕಿ ತೆರೆದಿರಲಿ, ಹೊಗೆಗೆ ಅಲಾರಂ ಕೂಗಿಕೊಂಡರೆ ಇಡೀ ಕಟ್ಟಡ ಎದ್ದು ಕೂರುತ್ತದೆ. ವಿದ್ಯುತ್ ನಮ್ಮಲ್ಲಿರುವಂತೆ 230 ವೋಲ್ಟ್, ಸಣ್ಣ ಮಿಕ್ಸಿ ಓಡುತ್ತದೆ. ಪ್ಲಗ್ ಮಾತ್ರ ಬೇರೆ, ಅಡಾಪ್ಟರ್ ಬೇಕು.

ಎರಡನೆಯದು ಜಾಗ. ರೈಲು ನಿಲ್ದಾಣದಿಂದ ಐದು ನಿಮಿಷ ಎಂದು ಬರೆದಿರುತ್ತಾರೆ, ಅದು ಏರುದಾರಿ ಎಂದು ಬರೆದಿರುವುದಿಲ್ಲ. ವೆಂಗನ್, ಮ್ಯೂರೆನ್‌ಗಳಂಥ ಊರುಗಳಿಗೆ ಕಾರೇ ಹೋಗುವುದಿಲ್ಲ. ನೋಡಲು ಸ್ವರ್ಗ, ಆದರೆ ಮೊಣಕಾಲು ನೋವಿನವರನ್ನೂ ಆರು ಜನರ ಪೆಟ್ಟಿಗೆಗಳನ್ನೂ ಹತ್ತಿಸಿ ಇಳಿಸುವವರು ನೀವೇ. ಇಂಟರ್ಲಾಕೆನ್‌ನಲ್ಲಿ ಓಸ್ಟ್ (ಪೂರ್ವ), ವೆಸ್ಟ್ (ಪಶ್ಚಿಮ) ಎಂದು ಎರಡು ರೈಲು ನಿಲ್ದಾಣಗಳಿವೆ. ಗ್ರಿಂಡೆಲ್ವಾಲ್ಡ್, ಲೌಟರ್‌ಬ್ರುನೆನ್ ಎಂಬ ಬೆಟ್ಟದ ಊರುಗಳ ಕಡೆಯ ರೈಲುಗಳು ಹೊರಡುವುದು ಓಸ್ಟ್‌ನಿಂದ, ಹಾಗಾಗಿ ನಾನಾದರೆ ಅಲ್ಲೇ ಹತ್ತಿರ ಹುಡುಕುತ್ತೇನೆ. ‘ಆರು ಜನಕ್ಕೆ’ ಎಂದಿದ್ದರೆ ಅದರಲ್ಲಿ ಇಬ್ಬರು ನಡುಮನೆಯ ಸೋಫಾ ಬಿಚ್ಚಿ ಮಲಗಬೇಕಾದೀತು. ಕೋಣೆಗಳನ್ನೂ ಬಚ್ಚಲುಗಳನ್ನೂ ಬೇರೆಬೇರೆಯಾಗಿ ಎಣಿಸಿ.

ಬಾಡಿಗೆಯ ಅಂಕಿ ನೋಡಿ ಅಗ್ಗ ಎಂದು ಹಿಗ್ಗಬೇಡಿ. ಕೊನೆಯಲ್ಲಿ ಶುಚಿಗೊಳಿಸುವ ಶುಲ್ಕ, ತಲೆಗೆ ರಾತ್ರಿಗೆ ಇಷ್ಟೆಂದು ಪ್ರವಾಸಿ ತೆರಿಗೆ, ಕೆಲವು ಕಡೆ ಹಾಸಿಗೆ ಬಟ್ಟೆಗೂ ಹಣ ಸೇರಿಕೊಳ್ಳುತ್ತವೆ. ಷೆಂಗೆನ್ ವೀಸಾಕ್ಕೆ (ಸ್ವಿಟ್ಜರ್ಲೆಂಡೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಉಳಿಯುವ ಜಾಗದ ದಾಖಲೆ ಕೇಳುತ್ತಾರೆ, ಆದ್ದರಿಂದ ವೀಸಾ ಸಿಗದಿದ್ದರೆ ಹಣ ಕಡಿತವಿಲ್ಲದೆ ರದ್ದು ಮಾಡಲು ಬರುವ ಬುಕಿಂಗೇ ಇರಲಿ. ಬುಕಿಂಗ್ ತಾಣದ ಹೊರಗೆ ನೇರವಾಗಿ ಹಣ ಹಾಕಿ ಎನ್ನುವವರಿಗೆ ಉತ್ತರವನ್ನೇ ಕೊಡಬೇಡಿ.

ಭಾನುವಾರ ಅಲ್ಲಿ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಅಂದು ಇಳಿಯುವುದಾದರೆ ಜೂರಿಚ್ ವಿಮಾನ ನಿಲ್ದಾಣದಲ್ಲೇ ಹಾಲು, ಮೊಸರು, ತರಕಾರಿ ಕೊಂಡುಬಿಡಿ. ಇಲ್ಲಿಂದ ರಾಗಿ ಹಿಟ್ಟು, ಸಾರಿನ ಪುಡಿ ಸಾಕು. ತುಪ್ಪ ಬೇಡ, ಹಾಲಿನ ಪದಾರ್ಥಗಳನ್ನು ನಮ್ಮಲ್ಲಿಂದ ಒಯ್ಯುವಂತಿಲ್ಲ. ದೇವರಾಜ ಮಾರುಕಟ್ಟೆಯ ಕರಿಬೇವು ಎಷ್ಟೇ ಘಮಘಮಿಸಲಿ, ಹಸಿ ಸೊಪ್ಪಿಗೆ ಅಲ್ಲಿ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಕೊಲ್ಲಿ ದೇಶದ ಮೂಲಕ ಹೋಗುವುದಾದರೆ ಗಸಗಸೆಯನ್ನಂತೂ ಮುಟ್ಟಬೇಡಿ. ಯುಎಇಯಲ್ಲಿ ಅದು ಮಾದಕ ವಸ್ತುಗಳ ಕಾನೂನಿನ ಕೆಳಗೆ ಬರುತ್ತದೆ.

ನೀವು ಕೇಳದ ಒಂದು ಮಾತು. ‘ಅಮ್ಮ ಅಡುಗೆ ಮಾಡುತ್ತಾರೆ, ತೊಂದರೆಯಿಲ್ಲ’ ಎಂದು ಬರೆದಿದ್ದೀರಲ್ಲ, ಅವರನ್ನು ಕೇಳಿದ್ದೀರಾ? ಮೂರು ಹೊತ್ತೂ ಬೇಯಿಸುವುದಾದರೆ ಅವರಿಗೆ ಮಂಡ್ಯಕ್ಕೂ ಆಲ್ಪ್ಸ್‌ಗೂ ವ್ಯತ್ಯಾಸವೇನು? ನಮ್ಮಲ್ಲಿ ಬೆಳಗಿನ ತಿಂಡಿಗೆ ಬ್ರೆಡ್ಡು, ಹಣ್ಣು. ಮಧ್ಯಾಹ್ನ ಹೊರಗೆ ಸಿಕ್ಕಿದ್ದು. ರಾತ್ರಿ ಮಾತ್ರ ಒಲೆ ಹಚ್ಚುವುದು ಎಂದು ನಿಗದಿ ಮಾಡಿದ್ದೆವು. ಪಾತ್ರೆ ತೊಳೆಯುವ ಪಾಳಿ ಗಂಡಸರದು. ಪಾತ್ರೆ ತೊಳೆಯುವ ಯಂತ್ರ ಇರುವ ಮನೆಗೆ ಅವರೇ ತುಸು ಹೆಚ್ಚು ಬಾಡಿಗೆ ಕೊಡಲು ಒಪ್ಪಿದ್ದೂ ಆ ಕಾರಣಕ್ಕೇ ಇರಬೇಕು.

ಹಣ ಕಟ್ಟುವ ಮೊದಲು ಮನೆಯವರಿಗೆ ಒಂದು ಸಂದೇಶ ಕಳಿಸಿ: ಒಲೆ ಯಾವ ಬಗೆಯದು, ಲಿಫ್ಟ್ ಇದೆಯೇ, ಬಾಗಿಲಿಗೆ ಎಷ್ಟು ಮೆಟ್ಟಿಲು, ಕಸದ ತೆರಿಗೆಯನ್ನು ಬೆಲೆಯಲ್ಲೇ ಸೇರಿಸಿ ಮಾರುವ ಕಸದ ಚೀಲವನ್ನು ನಾವೇ ಕೊಳ್ಳಬೇಕೇ? ಎರಡು ದಿನದಲ್ಲಿ ಉತ್ತರ ಬಾರದಿದ್ದರೆ ಬೇರೆ ಮನೆ ನೋಡಿ.