ಪ್ರತಿಕ್ರಿಯೆ: ಅಪ್ಪನ ಫಿಸ್ಟುಲಾ ಝುಂ ಅನ್ನುತ್ತಿಲ್ಲ, ನಾಳಿನ ಡಯಾಲಿಸಿಸ್‌ವರೆಗೆ ಕಾಯಬಹುದಾ?

ಝುಂ ನಿಂತಿದ್ದರೆ ಹೆಚ್ಚಾಗಿ ಫಿಸ್ಟುಲಾದಲ್ಲಿ (ಡಯಾಲಿಸಿಸ್‌ಗೆಂದು ಕೈಯ ಎರಡು ರಕ್ತನಾಳ ಸೇರಿಸಿ ಹೊಲಿದ ಜಾಗ) ರಕ್ತ ಹೆಪ್ಪುಗಟ್ಟಿರುತ್ತದೆ. ನಾಳೆವರೆಗೆ ಕಾಯಬೇಡಿ. ಮೊದಲು ಹೊಲಿಗೆ ಗುರುತಿನ ಹತ್ತಿರ ಮೂರು ಬೆರಳು ಹಗುರವಾಗಿ ಇಡಿ, ಆಮೇಲೆ ಕಿವಿ ಆನಿಸಿ ಕೇಳಿ. ನಮ್ಮಮ್ಮನದು ಡಬ್ಬಿಯೊಳಗೆ ದುಂಬಿ ಬಿಟ್ಟ ಹಾಗೆ ಗುಯ್‌ಗುಡುತ್ತಿತ್ತು. ನಿಂತ ದಿನ ಬರೀ ಗಟ್ಟಿ ಹುರಿಯಂತಿತ್ತು. ಬಿಪಿ ತೀರಾ ಇಳಿದಿದ್ದರೂ ಸದ್ದು ಕಮ್ಮಿಯಾಗಬಹುದು, ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಮಾಡಿಸದೆ ಖಚಿತವಾಗಿ ಹೇಳಲಾಗದು.

ಏನೂ ಕೇಳಿಸದಿದ್ದರೆ ಈಗಲೇ ಡಯಾಲಿಸಿಸ್ ಯೂನಿಟ್‌ಗೆ ಫೋನ್ ಮಾಡಿ. ಮಂಡ್ಯದಲ್ಲಿ ವ್ಯಾಸ್ಕುಲರ್ ಸರ್ಜನ್ (ರಕ್ತನಾಳದ ಶಸ್ತ್ರಚಿಕಿತ್ಸಕರು) ಸಿಗದಿದ್ದರೆ ಸುಮ್ನೆ ಅಲೆಯಬೇಡಿ, ನೇರ ಮೈಸೂರಿಗೆ ಹೊರಡಿ. ಸುಮಾರು 45 ಕಿ.ಮೀ. ತಾನೇ. 48 ಗಂಟೆಯೊಳಗೆ ಹೆಪ್ಪು ತೆಗೆಸಿದರೆ ಫಿಸ್ಟುಲಾ ಉಳಿಯುವ ಸಾಧ್ಯತೆ ಜಾಸ್ತಿ. ಆ ಕೈ ತಿಕ್ಕಬೇಡಿ, ಬಿಪಿ ಪಟ್ಟಿ ಕಟ್ಟಿಸಬೇಡಿ. ದಾರಿಯಲ್ಲಿ ಸುಸ್ತು ಅಂತ ಎಳನೀರು ಕುಡಿಸಲೇಬೇಡಿ, ಪೊಟ್ಯಾಸಿಯಂ ಏರುತ್ತದೆ.