ಪೋಪ್ ಅಧ್ಯಕ್ಷತೆಯ ಇಟಲಿ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಓದುಗರೊಬ್ಬರು ಬರೆದಿದ್ದಾರೆ: “ಇಟಲಿಯ ಏಕೀಕರಣ ಎಂದರೆ ಮಾಜಿನಿ, ಗ್ಯಾರಿಬಾಲ್ಡಿ, ಕವೂರ್, ಎದುರಾಳಿ ಪೋಪ್. ನಾನು ಓದಿಕೊಂಡಿದ್ದು ಇಷ್ಟೇ. ಹಾಗಿರುವಾಗ ಜೊಬೆರ್ತಿ, ರೊಸ್ಮಿನಿಯಂಥ ಪಾದ್ರಿಗಳು ರಾಷ್ಟ್ರವಾದಿಗಳ ಪಟ್ಟಿಯಲ್ಲಿ ಹೇಗೆ ಬರುತ್ತಾರೆ? ಪೋಪ್‌ಗೆ ನಿಷ್ಠರಾದವರ ರಾಷ್ಟ್ರಪ್ರೇಮ ಬರೀ ತಂತ್ರವಲ್ಲವೇ? ಇವರಲ್ಲಿ ಯಾರನ್ನು ಮೊದಲು ಓದಬೇಕು?”

ತಂತ್ರ ಎಂಬ ಮಾತನ್ನು ಒಪ್ಪಲಾರೆ. ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಇಟಲಿ ಒಂದು ದೇಶವಾಗಿರಲಿಲ್ಲ, ಹಲವು ರಾಜ್ಯಗಳಾಗಿತ್ತು; ಮಧ್ಯಭಾಗವನ್ನು ಪೋಪ್ ತಾವೇ ಆಳುತ್ತಿದ್ದರು. ವಿಂಚೆಂಜೊ ಜೊಬೆರ್ತಿ ವಾಯವ್ಯ ಇಟಲಿಯ ಪೀಡ್ಮಾಂಟ್ ರಾಜ್ಯದ ರಾಜಧಾನಿ ಟ್ಯೂರಿನ್‌ನಲ್ಲಿ ಅರಮನೆಯ ಪಾದ್ರಿಯಾಗಿದ್ದವರು. 1833ರಲ್ಲಿ ಬಂಧನಕ್ಕೊಳಗಾಗಿ ದೇಶ ಬಿಡಬೇಕಾಯಿತು. ಪ್ಯಾರಿಸ್ಸಿಗೆ ಹೋದರು, ಅಲ್ಲಿಂದ ಬ್ರಸೆಲ್ಸ್‌ಗೆ. ಅಲ್ಲಿ ಪಾಠ ಹೇಳಿಕೊಂಡಿದ್ದಾಗಲೇ, 1843ರಲ್ಲಿ, ಇಟಾಲಿಯನ್ನರ ನೈತಿಕ ಮತ್ತು ನಾಗರಿಕ ಹಿರಿಮೆ ಕುರಿತ ‘ಪ್ರಿಮಾಟೊ’ ಪ್ರಕಟಿಸಿದರು. ಸಿಂಹಾಸನದ ಕೃಪೆ ಬೇಕಿದ್ದವರು ಹಿಡಿಯುವ ದಾರಿ ಇದಲ್ಲ.

ಪುಸ್ತಕದ ಯೋಜನೆ ಸರಳ. ಇಟಲಿಯ ರಾಜ್ಯಗಳು ಒಂದು ಒಕ್ಕೂಟವಾಗಬೇಕು, ರಾಜರು ತಮ್ಮ ತಮ್ಮ ಗದ್ದುಗೆಯಲ್ಲೇ ಇರಲಿ, ಅಧ್ಯಕ್ಷತೆ ಪೋಪ್‌ರದು. ರೋಮ್ ಜ್ಞಾನದ ಪೀಠ, ಪೀಡ್ಮಾಂಟ್ ಸೈನ್ಯಬಲದ ಪೀಠ. ಕ್ರಾಂತಿಗೆ ಹೆದರುತ್ತಿದ್ದ ಮಧ್ಯಮವರ್ಗಕ್ಕೂ ಹಳ್ಳಿಯ ಪಾದ್ರಿಗಳಿಗೂ ದೇಶದ ಬಗ್ಗೆ ನಿರ್ಭಯವಾಗಿ ಮಾತಾಡಲು ಇದು ಅವಕಾಶ ಕೊಟ್ಟಿತು. ಗಣರಾಜ್ಯ ಬಯಸಿದ ಮಾಜಿನಿಯ ಗುಪ್ತ ಸಂಘಗಳಿಂದ ಆಗದ ಕೆಲಸ ಇದು.

ಆದರೆ ಯೋಜನೆಯಲ್ಲಿ ಒಂದು ದೊಡ್ಡ ತೂತಿತ್ತು. ಲೊಂಬಾರ್ಡಿ ಮತ್ತು ವೆನಿಸ್ ಆಸ್ಟ್ರಿಯದ ಕೈಯಲ್ಲಿದ್ದವು; ಆಸ್ಟ್ರಿಯದವರನ್ನು ಹೊರಡಿಸುವುದು ಹೇಗೆಂದು ಪುಸ್ತಕ ಹೇಳುವುದಿಲ್ಲ. ಅದನ್ನು ಮೊದಲು ಎತ್ತಿ ತೋರಿಸಿದವರಲ್ಲಿ ಒಬ್ಬರು ಜೊಬೆರ್ತಿಯ ಕ್ಯಾಥೊಲಿಕ್ ಗೆಳೆಯರೇ ಆದ ಚೇಸರೆ ಬಾಲ್ಬೊ. ಸ್ವಾತಂತ್ರ್ಯವಿಲ್ಲದೆ ಒಕ್ಕೂಟ ನಿಲ್ಲದು ಎಂದು 1844ರಲ್ಲಿ ಬರೆದ ಅವರು, ಕುಸಿಯುತ್ತಿದ್ದ ಒಟ್ಟೋಮನ್ ಸಾಮ್ರಾಜ್ಯದ ಕಡೆಗೆ ಆಸ್ಟ್ರಿಯ ವಿಸ್ತರಿಸಿಕೊಂಡು ಇಟಲಿಯನ್ನು ಬಿಟ್ಟುಕೊಡಬಹುದು ಎಂದು ಆಶಿಸಿದರು.

1846ರ ಜೂನ್‌ನಲ್ಲಿ ಒಂಬತ್ತನೇ ಪಯಸ್ ಪೋಪ್ ಆದರು, ಮರು ತಿಂಗಳೇ ರಾಜಕೀಯ ಕೈದಿಗಳಿಗೆ ಕ್ಷಮಾದಾನ ಕೊಟ್ಟರು. ಜೊಬೆರ್ತಿ ಬರೆದ ಪೋಪ್ ಬಂದೇಬಿಟ್ಟರು ಎಂದು ಜನ ನಂಬಿದರು. 1848ರ ವಸಂತದಲ್ಲಿ ಆಸ್ಟ್ರಿಯದ ಮೇಲೆ ಯುದ್ಧ ಶುರುವಾದಾಗ ಪೋಪ್ ಸೇನೆಯ ದಂಡನಾಯಕ ದುರಾಂದೊ, ಇದು ಧರ್ಮಯುದ್ಧ ಎಂಬರ್ಥದ ಆಜ್ಞಾಪತ್ರ ಹೊರಡಿಸಿದರು. ಏಪ್ರಿಲ್ 29ರಂದು ಪೋಪ್ ಅದಕ್ಕೆ ತೆರೆ ಎಳೆದರು. ಎಲ್ಲ ಜನಾಂಗಗಳನ್ನೂ ಸಮಾನವಾದ ತಂದೆಯ ಪ್ರೀತಿಯಿಂದ ಕಾಣುವ ತಾವು ಯುದ್ಧ ಹೂಡಲಾರೆವು, ಇಟಲಿಯ ಜನರ ಹೊಸ ಗಣರಾಜ್ಯಕ್ಕೆ ಅಧ್ಯಕ್ಷರಾಗುವ ಸಲಹೆಯೂ ಬೇಡ ಎಂದರು. ಇದನ್ನು ದ್ರೋಹ ಎಂದು ಬರೆದ ಚರಿತ್ರೆಗಳು ಬಹಳ. ನನಗೆ ಹಾಗೆ ಕಾಣುವುದಿಲ್ಲ. ಆಸ್ಟ್ರಿಯವೂ ಕ್ಯಾಥೊಲಿಕ್ ದೇಶವೇ. ಜಗತ್ತಿನ ಎಲ್ಲ ಕ್ಯಾಥೊಲಿಕರ ಗುರು ಒಂದು ದೇಶದ ಸೇನಾಧ್ಯಕ್ಷನಾಗಲು ಹೊರಟರೆ ಎರಡರಲ್ಲೊಂದು ಪದವಿ ಮುರಿಯಲೇಬೇಕು. ತಪ್ಪಿದ್ದದ್ದು ಯೋಜನೆಯ ಕಟ್ಟಡದಲ್ಲಿ.

ಇಲ್ಲಿ ರೊಸ್ಮಿನಿಯನ್ನು ಗಮನಿಸಿ. ಅಂತೋನಿಯೊ ರೊಸ್ಮಿನಿ 1848ರ ಆಗಸ್ಟ್‌ನಲ್ಲಿ ಪೀಡ್ಮಾಂಟ್ ಸರ್ಕಾರದ ರಾಯಭಾರಿಯಾಗಿ ರೋಮ್‌ಗೆ ಹೋದರು. ಪೋಪ್ ಅಧ್ಯಕ್ಷತೆಯ ಒಕ್ಕೂಟ, ರೋಮ್‌ನಲ್ಲಿ ಕಾಯಂ ಪ್ರತಿನಿಧಿ ಸಭೆ: ಅವರ ಕರಡಿನಲ್ಲೂ ಇದೇ ಇತ್ತು. ಅಷ್ಟರಲ್ಲಿ ಟ್ಯೂರಿನ್‌ನಲ್ಲಿ ಮಂತ್ರಿಮಂಡಲ ಬದಲಾಯಿತು. ಹೊಸಬರಿಗೆ ಬೇಕಾಗಿದ್ದದ್ದು ಯುದ್ಧದ ಮೈತ್ರಿ ಮಾತ್ರ. ಅಕ್ಟೋಬರ್‌ನಲ್ಲಿ ರೊಸ್ಮಿನಿ ರಾಜೀನಾಮೆ ಕೊಟ್ಟರು.

ಆದರೆ ಅವರ ಚಿಂತನೆಯ ತಳಪಾಯವೇ ಬೇರೆ. ಜೊಬೆರ್ತಿ ದೇಶದ ಹಿರಿಮೆಯಿಂದ ಹೊರಟರೆ, ರೊಸ್ಮಿನಿ ಒಬ್ಬ ವ್ಯಕ್ತಿಯಿಂದ ಹೊರಡುತ್ತಾರೆ: ಮನುಷ್ಯನೇ ಹಕ್ಕಿನ ಜೀವಂತ ರೂಪ, ರಾಜ್ಯ ಹಕ್ಕನ್ನು ಕೊಡುವುದಿಲ್ಲ, ಕಾಯುತ್ತದೆ. 1848ರಲ್ಲಿ ಅವರು ಬರೆದ ಸಂವಿಧಾನದ ಮಾದರಿ ನೋಡಿ. ಎರಡು ಸದನ, ಒಂದು ದೊಡ್ಡ ಆಸ್ತಿವಂತರದು, ಇನ್ನೊಂದು ಸಣ್ಣವರದು; ಮತದ ತೂಕ ಕಟ್ಟುವ ತೆರಿಗೆಗೆ ತಕ್ಕಂತೆ. ಇಂದಿನ ನಮಗೆ ಇದು ಸಹಿಸದ ಮಾತು. ಪಕ್ಕದಲ್ಲೇ ಒಂದು ರಾಜಕೀಯ ನ್ಯಾಯಾಲಯವಿದೆ. ಅದನ್ನು ಆರಿಸುವಾಗ ಬಡವ ಬಲ್ಲಿದ ಎನ್ನದೆ ಎಲ್ಲರ ಮತವೂ ಸಮ. ಸಂಸತ್ತು ಯಾರದೇ ಹಕ್ಕು ಮುರಿದರೂ ತಡೆಯುವುದು ಅದರ ಕೆಲಸ. ರಾಷ್ಟ್ರದ ಹೆಸರಿನಲ್ಲಿ ಬಹುಮತ ಏನನ್ನೂ ಮಾಡಬಹುದು ಎಂಬ ನಂಬಿಕೆಗೆ ಇಷ್ಟು ಖಚಿತವಾದ ಬೀಗವನ್ನು ಆ ಕಾಲದ ಇಟಲಿಯಲ್ಲಿ ಹೆಚ್ಚು ಮಂದಿ ಯೋಚಿಸಿರಲಿಲ್ಲ. ಸಂವಿಧಾನದ ಈ ಪುಸ್ತಕವನ್ನೂ ‘ಪವಿತ್ರ ಚರ್ಚಿನ ಐದು ಗಾಯಗಳು’ ಎಂಬುದನ್ನೂ 1849ರಲ್ಲಿ ಚರ್ಚಿನ ನಿಷಿದ್ಧ ಪುಸ್ತಕಗಳ ಪಟ್ಟಿಗೆ ಹಾಕಿದರು. ರೊಸ್ಮಿನಿ ತಲೆಬಾಗಿದರು. 2007ರಲ್ಲಿ ಅದೇ ಚರ್ಚು ಅವರನ್ನು ಧನ್ಯರೆಂದು (ಸಂತ ಪದವಿಗೆ ಹಿಂದಿನ ಮೆಟ್ಟಿಲು) ಘೋಷಿಸಿತು.

ಮೂರನೆಯ ದನಿ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿ ಲುಯಿಜಿ ತಪರೆಲ್ಲಿಯವರದು. ಜನಾಂಗಕ್ಕೆ ತನ್ನತನವಿದ್ದ ಮಾತ್ರಕ್ಕೆ ಸ್ವತಂತ್ರ ರಾಜ್ಯ ಸಿಗಲೇಬೇಕೆಂದಿಲ್ಲ, ನ್ಯಾಯಬದ್ಧ ಅಧಿಕಾರಕ್ಕೂ ಹಕ್ಕಿದೆ ಎಂದು ಅವರು 1847ರಲ್ಲಿ ವಾದಿಸಿದರು. ದುರಾಂದೊ ಹೊರಡಿಸಿದ ಆ ಆಜ್ಞಾಪತ್ರ ಬರೆದುಕೊಟ್ಟವರು ತಪರೆಲ್ಲಿಯ ಸ್ವಂತ ತಮ್ಮ ಮಸ್ಸಿಮೊ ದಾಜೆಲ್ಯೊ. ಜಗಳ ಚರ್ಚಿನ ಹೊರಗಿನವರ ಜೊತೆಗಷ್ಟೇ ಇರಲಿಲ್ಲ ಎಂಬುದಕ್ಕೆ ಈ ಒಂದು ಮನೆಯೇ ಸಾಕ್ಷಿ.

ಓದುವವರು ಎಡವುವುದು ‘ಪ್ರಿಮಾಟೊ’ದಲ್ಲೇ ನಿಂತುಬಿಡುವುದರಿಂದ. 1848ರ ಡಿಸೆಂಬರ್‌ನಲ್ಲಿ ಜೊಬೆರ್ತಿ ಪೀಡ್ಮಾಂಟಿನ ಪ್ರಧಾನಿಯಾದರು, ಫೆಬ್ರವರಿಯಲ್ಲೇ ಇಳಿದರು. 1851ರ ‘ರಿನ್ನೊವಮೆಂಟೊ’ದಲ್ಲಿ ಪೋಪ್ ಒಕ್ಕೂಟವನ್ನು ಪೂರ್ತಿ ಕೈಬಿಟ್ಟು, ಪೀಡ್ಮಾಂಟ್ ಮುಂದಾಳಾಗಲಿ ಎಂದರು. ಎರಡನ್ನೂ ಜೊತೆಗಿಟ್ಟುಕೊಳ್ಳದೆ ಅವರ ಬಗ್ಗೆ ತೀರ್ಪು ಕೊಡುವಂತಿಲ್ಲ. ಇನ್ನೊಂದು ಅಪಾಯ ಜೆಂಟೀಲೆಯ ಕನ್ನಡಕ. ಮುಂದೆ ಫ್ಯಾಸಿಸ್ಟ್ ಸರ್ಕಾರದ ಮಂತ್ರಿಯಾದ ಈ ದಾರ್ಶನಿಕ, ಜೊಬೆರ್ತಿಯನ್ನು ರಾಷ್ಟ್ರದ ಪ್ರವಾದಿಗಳ ಸಾಲಿಗೆ ಸೇರಿಸಿದರು. ಅಲ್ಲಿಂದ ಶುರು ಮಾಡಿದರೆ ರೊಸ್ಮಿನಿಯ ಬೀಗ ಕಣ್ಣಿಗೇ ಬೀಳುವುದಿಲ್ಲ.

ಆದ್ದರಿಂದ ನನ್ನ ಸಲಹೆ: ಮೊದಲು ‘ಐದು ಗಾಯಗಳು’. ಚಿಕ್ಕ ಪುಸ್ತಕ, ಇಂಗ್ಲಿಷ್ ಅನುವಾದವಿದೆ. ನಾಲ್ಕನೆಯ ಅಧ್ಯಾಯವನ್ನು ನಿಧಾನವಾಗಿ ಓದಿ; ಬಿಷಪ್‌ಗಳನ್ನು ಸರ್ಕಾರ ನೇಮಿಸಿದರೆ ಚರ್ಚು ಹೇಗೆ ರಾಜನ ಇಲಾಖೆಯಾಗುತ್ತದೆ ಎಂದು ಅಲ್ಲಿದೆ. ಆಮೇಲೆ ಸಂವಿಧಾನದ ಪುಸ್ತಕ, ಅದಾದ ಮೇಲೆ ಜೊಬೆರ್ತಿಯ ಎರಡೂ ಕೃತಿಗಳು. ಕೊನೆಗೆ ಸಿಸಿಲಿಯ ಪಾದ್ರಿ ಲುಯಿಜಿ ಸ್ತುರ್ಜೊ. ಅವರು 1919ರ ಜನವರಿ 18ರಂದು ಜನತಾ ಪಕ್ಷ ಕಟ್ಟಿದಾಗ ಹೆಸರಿನಲ್ಲಿ ‘ಕ್ಯಾಥೊಲಿಕ್’ ಇಡಲಿಲ್ಲ: ಪಕ್ಷ ಎಂದರೆ ಒಡಕು, ಧರ್ಮ ಎಲ್ಲರದು ಎಂಬ ಕಾರಣಕ್ಕೆ. ಆ ವರ್ಷದ ಚುನಾವಣೆಯಲ್ಲಿ ಪಕ್ಷಕ್ಕೆ 100 ಸ್ಥಾನ ಬಂದವು. ಅಷ್ಟರಲ್ಲಿ ಫ್ಯಾಸಿಸ್ಟರು ಅಧಿಕಾರಕ್ಕೆ ಬಂದರು; ಐದು ವರ್ಷದಲ್ಲಿ ಸ್ತುರ್ಜೊ ಲಂಡನ್‌ನಲ್ಲಿ ದೇಶಭ್ರಷ್ಟರಾಗಿದ್ದರು. ರಾಷ್ಟ್ರವಾದದ ಬಗ್ಗೆ ಅವರು ಬರೆದ ಪುಸ್ತಕ 1946ರಲ್ಲಿ ಇಂಗ್ಲಿಷಿನಲ್ಲಿ ಬಂತು, ಹಳೆಯ ಗ್ರಂಥಾಲಯಗಳಲ್ಲಿ ಹುಡುಕಿ ನೋಡಿ.