ಓದುಗರ ಪ್ರಶ್ನೆ: ನೇಪಾಳದ ತಾಮ್ರದ ವಿಗ್ರಹಗಳು

ನೇಪಾಳದಿಂದ ತಂದ ಬೌದ್ಧ ದೇವತೆ ತಾರೆಯ ವಿಗ್ರಹ ಮಂಕಾಗಿದೆ. ಚಿನ್ನದ ಲೇಪವಿದೆ. ದೇವರ ಪಾತ್ರೆಗಳ ಹಾಗೆ ಹುಣಸೆಹಣ್ಣು ಹಾಕಿ ಬೆಳಗಬಹುದೇ? (ಶಿವಮೊಗ್ಗ)

ಬೇಡವೇ ಬೇಡ. ಕಠ್ಮಂಡು ಕಣಿವೆಯ ಪಾಟನ್‌ನ ನೇವಾರ ಸಮುದಾಯದ ಕುಶಲಕರ್ಮಿಗಳು ಮಾಡುವ ವಿಗ್ರಹದ ಮೇಲೆ ಚಿನ್ನ ಇರುವುದು ಬಲು ತೆಳ್ಳಗೆ, ಉಜ್ಜಿದಷ್ಟೂ ಸವೆಯುತ್ತದೆ. ಹುಳಿ ಚಿನ್ನಕ್ಕೇನೂ ಮಾಡದು, ಆದರೆ ಲೇಪದ ಸಣ್ಣ ರಂಧ್ರಗಳಲ್ಲಿ ಇಳಿದು ಕೆಳಗಿನ ತಾಮ್ರವನ್ನು ತಿಂದು ಹಸಿರು ಕಿಲುಬು ಹಿಡಿಸುತ್ತದೆ. ಉಪ್ಪು ಬೆರೆತರೆ ಇನ್ನೂ ಬೇಗ.

ಮುಖ ಮಾತ್ರ ಹೊಳಪಿಲ್ಲದೆ ತಿಳಿ ಹಳದಿಯಾಗಿದ್ದರೆ ಅದು ಕೊಳೆಯಲ್ಲ. ಚಿನ್ನದ ಪುಡಿಯನ್ನು ಅಂಟಿನಲ್ಲಿ ಕಲಸಿ ಕುಂಚದಿಂದ ಬಳಿದು, ಮೇಲೆ ಕಣ್ಣು, ತುಟಿ ಬರೆದಿರುತ್ತಾರೆ. ಒದ್ದೆ ಬಟ್ಟೆ ತಾಗಿದರೂ ಅದು ಎದ್ದುಬರುತ್ತದೆ. ಮೃದುವಾದ ಒಣ ಕುಂಚದಿಂದ ಮೈಯ ಧೂಳು ಕೊಡವಿ, ಮುಖ ಮುಟ್ಟಬೇಡಿ. ಊದುಬತ್ತಿಯನ್ನು ಎರಡಡಿ ದೂರ ಸರಿಸಿ. ಅಭಿಷೇಕ, ಕುಂಕುಮ ಎರಡೂ ಬೇಡ.

ವಿಗ್ರಹದ ತಳಕ್ಕೆ ತಗಡು ಕೂರಿಸಿದ್ದಾರೆ. ಅಲುಗಿಸಿದರೆ ಒಳಗೆ ಸದ್ದಾಗುತ್ತದೆ. ಬಿಚ್ಚಿ ನೋಡಬಹುದೇ? (ಮಡಿಕೇರಿ)

ಬಿಚ್ಚಬೇಡಿ. ತಗಡಿನ ಮೇಲೆ ಅಡ್ಡಡ್ಡ ಇಟ್ಟ ಎರಡು ವಜ್ರಗಳ (ಹರಳಲ್ಲ, ವಜ್ರಾಯುಧ) ಗುರುತು, ಅಂದರೆ ವಿಶ್ವವಜ್ರ, ಇದ್ದರೆ ವಿಗ್ರಹ ತುಂಬಿಸಿ ಪ್ರತಿಷ್ಠೆ ಮಾಡಿದ್ದಿರಬೇಕು. ಒಳಗೆ ಮಂತ್ರ ಬರೆದ ಕಾಗದದ ಸುರುಳಿಗಳು, ಧೂಪದ ಪುಡಿ, ನಡುವೆ ಪ್ರಾಣದಂಡವೆನ್ನುವ ಮರದ ಕೋಲು ಇರುತ್ತವೆ. ಆ ಕೋಲನ್ನು ಮರ ಬೆಳೆದ ದಿಕ್ಕಿಗೇ, ಬುಡ ಕೆಳಗಾಗಿ ನಿಲ್ಲಿಸುವುದು ಕ್ರಮ. ಸುರುಳಿಗಳನ್ನು ಅಲುಗದಂತೆ ಒತ್ತಿ ತುಂಬಬೇಕು. ಸದ್ದು ಬಂದರೆ ತುಂಬಿದ್ದು ಸಡಿಲವಾಗಿದೆ ಎಂದರ್ಥ. ಬಿಚ್ಚಿದರೆ ಮತ್ತೆ ತುಂಬಿಸಿ ಪ್ರತಿಷ್ಠೆ ಮಾಡಿಸಬೇಕಾಗುತ್ತದೆ. ಬೈಲಕುಪ್ಪೆ ನಿಮಗೆ ಹತ್ತಿರವೇ; ಅಲ್ಲಿನ ಯಾವುದಾದರೂ ಟಿಬೆಟನ್ ಬೌದ್ಧ ಮಠದಲ್ಲಿ ತೋರಿಸಿ.

ಎಲ್ಲ ಬುದ್ಧರೂ ಒಂದೇ ಥರ ಕಾಣುತ್ತಾರೆ. ಗುರುತಿಸುವುದು ಹೇಗೆ? (ಮೈಸೂರು)

ಮುಖ ಬಿಡಿ, ಕೈ ನೋಡಿ. ಬಲಗೈ ನೆಲ ಮುಟ್ಟಿ ಎಡಗೈಯಲ್ಲಿ ಭಿಕ್ಷಾಪಾತ್ರೆ ಇದ್ದರೆ ಸಾಮಾನ್ಯವಾಗಿ ಶಾಕ್ಯಮುನಿ: ಧ್ಯಾನ ಕೆಡಿಸಲು ಬಂದ ಮಾರನನ್ನು ಗೆದ್ದಾಗ ಭೂಮಿಯನ್ನೇ ಸಾಕ್ಷಿಗೆ ಕರೆದ ಗಳಿಗೆ ಅದು. ಅದೇ ಮುದ್ರೆಯಲ್ಲಿ ಪಾತ್ರೆಯ ಜಾಗದಲ್ಲಿ ವಜ್ರವಿದ್ದರೆ ಅಕ್ಷೋಭ್ಯ. ಎರಡೂ ಕೈ ಮಡಿಲಲ್ಲಿದ್ದರೆ ಅಮಿತಾಭ. ಆ ಕೈಗಳಲ್ಲಿ ಕಲಶವಿದ್ದು, ಮೈಮೇಲೆ ಕಿರೀಟ, ಒಡವೆಗಳಿದ್ದರೆ ಆಯುಸ್ಸು ಕೊಡುವ ಅಮಿತಾಯುಸ್. ಬಲಗೈಯಲ್ಲಿ ಅಳಲೆಯ ಗಿಡದ ರೆಂಬೆ ಹಿಡಿದವನು ಭೈಷಜ್ಯಗುರು. ತಾರೆಯರಲ್ಲಿ ಕಾಲು ನೋಡಬೇಕು: ಹಸಿರು ತಾರೆ ಬಲಗಾಲು ಕೆಳಗಿಳಿಸಿ ಏಳಲು ಸಿದ್ಧಳಾಗಿದ್ದಾಳೆ, ಬಿಳಿ ತಾರೆ ಎರಡೂ ಕಾಲು ಮಡಚಿ ಕೂತಿದ್ದಾಳೆ. ಬಿಳಿ ತಾರೆಗೆ ಏಳು ಕಣ್ಣು. ಎಂದಿನ ಎರಡಲ್ಲದೆ ಹಣೆಯಲ್ಲೊಂದು, ಅಂಗೈ, ಅಂಗಾಲುಗಳಲ್ಲಿ ನಾಲ್ಕು. ಅಂಗಾಲಿನ ಕಣ್ಣು ಬಿಟ್ಟುಹೋಗಿದ್ದರೆ ಮಾಡಿದವರು ಅವಸರ ಮಾಡಿದ್ದಾರೆ.

ಬೈಲಕುಪ್ಪೆಯ ಸ್ವರ್ಣಮಂದಿರದಲ್ಲಿ ಶಾಕ್ಯಮುನಿ, ಟಿಬೆಟಿಗೆ ಬೌದ್ಧಧರ್ಮ ಒಯ್ದ ಗುರು ಪದ್ಮಸಂಭವ, ಅಮಿತಾಯುಸ್ ಮೂವರೂ ಒಟ್ಟಿಗಿದ್ದಾರೆ. ಮಂಗಳೂರಿನ ಕದ್ರಿಗೆ ಹೋದರೆ ಬೋಧಿಸತ್ವ ಲೋಕೇಶ್ವರನ ವಿಗ್ರಹವನ್ನು ತಪ್ಪಿಸಬೇಡಿ: ಮೂರು ಮುಖ, ಆರು ಕೈ, ಆಳುಪ ಅರಸ ಕುಂದವರ್ಮನ ಕ್ರಿ.ಶ. 968ರ ಶಾಸನ.

'ಕೈಕೆಲಸ' ಎಂದೇ ಹೇಳುವ ಎರಡು ವಿಗ್ರಹಗಳ ಬೆಲೆಯಲ್ಲಿ ಇಷ್ಟೊಂದು ಅಂತರವೇಕೆ? (ದಾವಣಗೆರೆ)

ಎರಡೂ ಮೇಣದ ಅಚ್ಚಿನವೇ ಇರಬಹುದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲೂ ಈ ವಿಧಾನದ ವಿವರಣೆಯಿದೆ. ಜೇನುಮೇಣಕ್ಕೆ ಮರದ ರಾಳ ಬೆರೆಸಿ ಮೂರ್ತಿ ತಿದ್ದಿ, ಮೊದಲು ನುಣ್ಣನೆಯ ಮಣ್ಣು-ಸಗಣಿ, ಮೇಲೆ ಹೊಟ್ಟು ಕಲಸಿದ ಒರಟು ಮಣ್ಣು ಮೆತ್ತುತ್ತಾರೆ. ನೆರಳಲ್ಲಿ ಒಣಗಿದ ಮೇಲೆ ಕಾಯಿಸಿ ಮೇಣ ಇಳಿಸಿ, ಆ ಟೊಳ್ಳಿಗೆ ಕರಗಿದ ಲೋಹ ಹೊಯ್ಯುತ್ತಾರೆ. ಒಂದು ಕಿಲೋ ಮೇಣದ ಜಾಗಕ್ಕೆ ಒಂಬತ್ತು ಕಿಲೋಗೂ ಮಿಕ್ಕಿ ತಾಮ್ರ ಬೇಕು. ಮಣ್ಣಲ್ಲಿ ತೇವ ಉಳಿದರೆ ಆವಿಯೆದ್ದು ಮೈಯೆಲ್ಲ ಗುಳ್ಳೆ. ಅಚ್ಚು ಸಾಕಷ್ಟು ಕಾದಿರದಿದ್ದರೆ, 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ತಾಮ್ರ ಮೂರ್ತಿಯ ಬೆರಳ ತುದಿ ಮುಟ್ಟುವ ಮೊದಲೇ ಗಟ್ಟಿಯಾಗುತ್ತದೆ.

ಬೆಲೆ ಏರುವುದು ಇದಾದ ಮೇಲೆ. ಉಳಿಯಲ್ಲಿ ಸೆರಗಿನ ಬಳ್ಳಿ, ಒಡವೆಯ ಮಣಿ ಕೆತ್ತಲು ವಾರಗಳು ಹಿಡಿಯುತ್ತವೆ. ಅಗ್ಗದ್ದರಲ್ಲಿ ಆ ಗೆರೆಗಳು ಎರಕದಲ್ಲಿ ಬಂದಷ್ಟೇ, ಮೊಂಡಾಗಿ ಇರುತ್ತವೆ. ಇನ್ನೊಂದು ಚಿನ್ನ. ಸಾಂಪ್ರದಾಯಿಕ ಲೇಪದಲ್ಲಿ ಚಿನ್ನವನ್ನು ಪಾದರಸದಲ್ಲಿ ಕಲಸಿ ಹಚ್ಚಿ, ಕಾಯಿಸಿ ಪಾದರಸ ಹಾರಿಸುತ್ತಾರೆ. ಆ ಹೊಗೆ ವಿಷ; ಕೆಲಸಗಾರರ ನರಗಳನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ. ವಿದ್ಯುತ್ ಲೇಪದ್ದನ್ನು ಕೊಂಡರೆ ಅದರಲ್ಲಿ ಕೀಳೇನಿಲ್ಲ, ಆದರೆ ಬೆಲೆಯೂ ಅದಕ್ಕೆ ತಕ್ಕಂತಿರಲಿ.

ತಳ ಮುಚ್ಚದ ವಿಗ್ರಹವಾದರೆ ಒಳಗೆ ಟಾರ್ಚ್ ಬಿಡಿ: ಕೆಂಪಾದರೆ ತಾಮ್ರ, ಹಳದಿಯಾದರೆ ಹಿತ್ತಾಳೆ. ಆಯಸ್ಕಾಂತ ಇವೆರಡಕ್ಕೂ ಅಂಟುವುದಿಲ್ಲ, ಹಾಗಾಗಿ ಆ ಪರೀಕ್ಷೆಯಿಂದ ಇವುಗಳಲ್ಲಿ ಯಾವುದೆಂದು ತಿಳಿಯದು. ನೇಪಾಳದಿಂದ ತರುವಾಗ ಅಲ್ಲಿನ ಪುರಾತತ್ವ ಇಲಾಖೆಯಿಂದ, ವಸ್ತು ಪ್ರಾಚೀನವಲ್ಲವೆಂಬ ಮುದ್ರೆ ಹಾಕಿಸಿಕೊಳ್ಳಲು ಅಂಗಡಿಯವರಿಗೇ ಹೇಳಿ.